ಗ್ರೀಕಿನ ಕಟ್ಟು, ಗಂಟು, ಸೂಡು: ಹಳೆಯ ಪದಗಳನ್ನು ಕಲಿಯುವ ಕ್ರಮ

ಪ್ರಾಚೀನ ಗ್ರೀಕ್ ಕಲಿಯಲು ಕುಳಿತವರು ಪದಕೋಶದಲ್ಲಿ ‘ಕಟ್ಟು’ ಎಂಬ ಅರ್ಥ ಹುಡುಕಿದರೆ ಹತ್ತಾರು ಪದಗಳು ಒಮ್ಮೆಗೇ ಎದುರಾಗುತ್ತವೆ. ಎಲ್ಲವೂ ಒಂದೇ ಎಂದುಕೊಂಡು ಬಾಯಿಪಾಠ ಮಾಡಿದರೆ ಕೆಲವೇ ದಿನಗಳಲ್ಲಿ ಅವು ಕಲಸಿಹೋಗುತ್ತವೆ. ಕಲಬುರಗಿ ಸೀಮೆಯ ಓದುಗರಿಗೆ ಈ ತೊಡಕು ಬರಬೇಕಾಗಿಲ್ಲ. ಎತ್ತನ್ನು ಗೂಟಕ್ಕೆ ಕಟ್ಟುವುದು, ಜೋಳದ ಸೂಡು ಕಟ್ಟುವುದು, ನೊಗ ಹೂಡುವುದು, ತಟ್ಟಿ ಹೆಣೆಯುವುದು ಒಂದೊಂದೂ ಬೇರೆ ಕೆಲಸವೆಂದು ಹೊಲ ಕಂಡ ಯಾರಿಗೂ ಹೇಳಿಕೊಡಬೇಕಿಲ್ಲ. ಪ್ರತಿಯೊಂದು ಗ್ರೀಕ್ ಪದಕ್ಕೂ ಅದೇ ಪ್ರಶ್ನೆಯನ್ನು ಹಾಕಬೇಕು: ಇಲ್ಲಿ ಏನನ್ನು, ಯಾವುದಕ್ಕೆ, ಯಾವುದರಿಂದ ಕಟ್ಟಲಾಗುತ್ತಿದೆ?

ಮೊದಲು ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಳ್ಳಿ. ಗ್ರೀಕಿನಲ್ಲಿ ಹ್ರಸ್ವ ಎ, ದೀರ್ಘ ಏ, ಹ್ರಸ್ವ ಒ, ದೀರ್ಘ ಓ ಇವುಗಳಿಗೆ ಪ್ರತ್ಯೇಕ ಅಕ್ಷರಗಳಿವೆ. ಇಂಗ್ಲಿಷ್ ಬರವಣಿಗೆಯಲ್ಲಿ ಅಳಿಸಿಹೋಗುವ ಈ ಭೇದ ನಮ್ಮ ಲಿಪಿಯಲ್ಲಿ ತಾನಾಗಿಯೇ ಉಳಿಯುತ್ತದೆ. ಹಳೆಯ ಉಚ್ಚಾರಣೆಯ ಮಹಾಪ್ರಾಣಗಳಿಗೂ ನಮ್ಮಲ್ಲಿ ಅಕ್ಷರಗಳಿವೆ. ಉ ಮತ್ತು ಇ ನಡುವಿನ ಒಂದು ಸ್ವರಕ್ಕೆ ಮಾತ್ರ ಸರಿಯಾದ ಅಕ್ಷರವಿಲ್ಲ. ಅದನ್ನು ಇಲ್ಲಿ ಉ ಎಂದೇ ಬರೆದಿದ್ದೇನೆ.

ಕಲಿಕೆ ‘ದೆಓ’ ಎಂಬ ಕ್ರಿಯಾಪದದಿಂದ ಆರಂಭವಾಗಲಿ. ಕಟ್ಟುವ ಕೆಲಸಕ್ಕೆ ಇದೇ ಸಾಮಾನ್ಯ ಮಾತು. ಸಂಸ್ಕೃತದಲ್ಲಿ ಹಗ್ಗ, ಮಾಲೆ ಎಂಬ ಅರ್ಥದ ‘ದಾಮ’ ಇದರದೇ ಬಳಗದ್ದು. ಕಟ್ಟುವ ಸಾಧನ ಅಥವಾ ಬಂಧನ ‘ದೆಸ್ಮೊಸ್’, ಕಟ್ಟಿದ ಕಟ್ಟು ‘ದೆಸ್ಮೇ’. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ. ಒಂದು ಹಗ್ಗದ ಕಡೆಗೆ, ಇನ್ನೊಂದು ಹೊರೆಯ ಕಡೆಗೆ ನಿಲ್ಲುತ್ತದೆ. ಉಪಸರ್ಗ ಸೇರಿಸಿದಾಗ ಕಟ್ಟಿನ ಜಾಗ ಬದಲಾಗುತ್ತದೆ. ಅಡಿಗೆ ಕಟ್ಟಿದ್ದು ‘ಹುಪೊದೇಮ’, ಅಂದರೆ ಪಾದರಕ್ಷೆ. ತಲೆಯ ಸುತ್ತ ಕಟ್ಟಿದ್ದು ‘ದಿಅದೇಮ’, ಅರಸರ ಪಟ್ಟಿ. ಜೊತೆಗೂಡಿಸಿ ಕಟ್ಟುವುದು ‘ಸುನ್‌ದೆಸ್ಮೊಸ್’. ವಾಕ್ಯಗಳನ್ನು ಜೋಡಿಸುವ ಪದಕ್ಕೆ ಗ್ರೀಕ್ ವ್ಯಾಕರಣಕಾರರು ಕೊಟ್ಟ ಹೆಸರೂ ಇದೇ. ಕೆಳಕ್ಕೆ ಬಿಗಿದು ಕಟ್ಟುವುದು ‘ಕತದೆಸ್ಮೊಸ್’. ಎದುರಾಳಿಯ ನಾಲಿಗೆಯನ್ನೋ ಕೈಕಾಲುಗಳನ್ನೋ ಕಟ್ಟಿಹಾಕುವಂತೆ ಸೀಸದ ತಗಡಿನ ಮೇಲೆ ಕೊರೆದು ಗೋರಿಗಳಲ್ಲಿ, ಬಾವಿಗಳಲ್ಲಿ ಹಾಕುತ್ತಿದ್ದ ಶಾಪಕ್ಕೆ ಈ ಹೆಸರು.

ಸೂಡು, ಹೊರೆಗಳ ಪದಗಳನ್ನು ಕಲಿಯಲು ಹೋಮರನ ಇಲಿಯಡ್‌ನ 18ನೆಯ ಸರ್ಗಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಅಖಿಲೀಸನಿಗಾಗಿ ಹೆಫೈಸ್ತೊಸ್ ದೇವತೆ ತಯಾರಿಸಿದ ಗುರಾಣಿಯ ಮೇಲೆ ಸುಗ್ಗಿಯ ದೃಶ್ಯವೊಂದಿದೆ. ಕುಡುಗೋಲು ಹಿಡಿದವರು ಕೊಯ್ಯುತ್ತ ಮುಂದೆ ಸಾಗಿದಂತೆ ಹಿಡಿ ಹಿಡಿ ತೆನೆ ಸಾಲಾಗಿ ನೆಲಕ್ಕೆ ಬೀಳುತ್ತದೆ. ಆ ಹಿಡಿಯೇ ‘ದ್ರಗ್ಮ’. ಹಿಂದೆ ಬರುವ ಹುಡುಗರು ಅವನ್ನು ಆಯ್ದು ತೋಳ್ತುಂಬ ತುಂಬಿಕೊಂಡು ಬಿಡುವಿಲ್ಲದೆ ಒದಗಿಸುತ್ತಾರೆ, ತೋಳು ‘ಅಂಕಲಿಸ್’. ಮೂವರು ನಿಂತು ಸೂಡು ಕಟ್ಟುತ್ತಾರೆ. ಸೂಡು ‘ಅಮಲ್ಲ’, ಅದನ್ನು ಕಟ್ಟುವವನು ‘ಅಮಲ್ಲೊದೆತೇರ್’, ಕಟ್ಟುವ ಪಟ್ಟಿ ‘ಎಲ್ಲೆದನೊಸ್’. ಅರಸ ಕೋಲು ಹಿಡಿದು ಮಾತಿಲ್ಲದೆ, ಸಂತೋಷದಿಂದ ನಿಂತಿದ್ದಾನೆ. ಅಫಜಲಪುರ, ಜೇವರ್ಗಿ ಕಡೆಯ ಎರೆ ಹೊಲದಲ್ಲಿ ಹಿಂಗಾರಿ ಜೋಳದ ಕೊಯ್ಲಿಗೆ ನಿಂತವರು ಈ ಸಾಲುಗಳನ್ನು ಓದುವಾಗ ಪದಕೋಶ ತೆರೆಯುವ ಮೊದಲೇ ಯಾರು ಏನು ಮಾಡುತ್ತಿದ್ದಾರೆಂದು ತಿಳಿದುಕೊಳ್ಳುತ್ತಾರೆ. ಆದ್ದರಿಂದ ಪದಗಳನ್ನು ಅಕಾರಾದಿಯಾಗಿ ಬರೆಯದೆ ಕೆಲಸದ ಕ್ರಮದಲ್ಲಿ, ಹಿಡಿಯಿಂದ ತೋಳಿಗೆ, ತೋಳಿನಿಂದ ಸೂಡಿಗೆ, ಬರೆಯಿರಿ. ಕಟ್ಟಿಗೆಯ ಹೊರೆಗೆ ‘ಫಕೆಲೊಸ್’ ಎಂಬ ಬೇರೆ ಮಾತಿದೆ. ಇಂದಿನ ಗ್ರೀಕಿನಲ್ಲಿ ಅದು ಕಾಗದದ ಲಕೋಟೆ.

ಎರಡನ್ನು ಜೋಡಿ ಮಾಡುವುದು ‘ಜ಼ೆಉಗ್ನುಮಿ’, ನೊಗ ‘ಜ಼ುಗೊನ್’. ಸಂಸ್ಕೃತದ ‘ಯುಗ’, ‘ಯೋಗ’ ಇವುಗಳ ಒಡಹುಟ್ಟುಗಳು. ಗಾರ್ಡಿಯಮ್ ಪಟ್ಟಣದ ಪ್ರಸಿದ್ಧ ಗಂಟನ್ನು ಇಲ್ಲಿಯೇ ಇಟ್ಟುಕೊಳ್ಳಿ, ಏಕೆಂದರೆ ಅದು ಬಂಡಿಯ ಮೂಕಿಗೆ ನೊಗವನ್ನು ಬಿಗಿದಿದ್ದ ಗಂಟು. ಹೊಸೆದ ಮರದ ತೊಗಟೆಯ ಕಟ್ಟಿನ ತುದಿಯೂ ಮೊದಲೂ ಕಾಣುತ್ತಿರಲಿಲ್ಲ. ಕ್ರಿ.ಪೂ. 333ರಲ್ಲಿ ಅಲೆಗ್ಸಾಂಡರ್ ಅದನ್ನು ಕತ್ತಿಯಿಂದ ಕಡಿದನೆಂಬ ಕಥೆ ಎಲ್ಲರಿಗೂ ಗೊತ್ತು. ಜೊತೆಯಲ್ಲಿದ್ದ ಅರಿಸ್ತೊಬುಲೊಸ್ ಬೇರೆಯೇ ಹೇಳಿದ್ದಾನೆ: ಮೂಕಿಯ ಗೂಟವನ್ನು ಎಳೆದು ತೆಗೆದು ನೊಗವನ್ನು ಬಿಡಿಸಿದನಂತೆ. ಬಂಡಿ ಹೂಡಿ ಬಲ್ಲವರಿಗೆ ಎರಡನೆಯದೇ ಸಹಜವೆನಿಸುತ್ತದೆ.

ಉಳಿದವನ್ನು ಬೇಗ ಮುಗಿಸಬಹುದು. ಎಳೆಗಳನ್ನು ಒಂದರೊಳಗೊಂದು ಹೆಣೆಯುವುದು ‘ಪ್ಲೆಕೋ’, ಬಿಗಿಯುವುದು ‘ಸ್ಫಿಂಗೋ’, ತಗುಲಿಸುವುದು ‘ಹಪ್ತೋ’, ಅದರಿಂದಾದ ಗಂಟು ‘ಹಮ್ಮ’, ಕುಣಿಕೆ ‘ಬ್ರೊಖೊಸ್’. ಕುಣಿಕೆಗಳ ಬಗ್ಗೆ ಹೆರಾಕ್ಲಾಸ್ ಎಂಬ ಕ್ರಿ.ಶ. 1ನೆಯ ಶತಮಾನದ ವೈದ್ಯ ಬರೆದದ್ದು ಉಳಿದುಬಂದಿದೆ. ಮುರಿದ ದವಡೆಗೆ ಆಸರೆಯಾಗಿ ಅವನು ಹೇಳಿದ ಕುಣಿಕೆ ಮಕ್ಕಳು ಬೆರಳುಗಳ ನಡುವೆ ದಾರ ಆಡಿಸುವ ಆಟದ ಆಕೃತಿಯಂತೆಯೇ ಇದೆ.

ಪ್ರತಿ ಕಟ್ಟಿನ ಪಕ್ಕದಲ್ಲಿ ಬಿಚ್ಚುವ ಪದವನ್ನೂ ಬರೆಯಿರಿ: ‘ಲೂಓ’. ಅರಿಸ್ಟಾಟಲ್ ನಾಟಕದ ಕಥೆ ಗಂಟಾಗುವುದನ್ನು ‘ದೆಸಿಸ್’ ಎಂದೂ ಬಿಡಿಸಿಕೊಳ್ಳುವುದನ್ನು ‘ಲುಸಿಸ್’ ಎಂದೂ ಕರೆದ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಇನ್ನೊಂದು ‘ದೆಓ’ ಇದೆ. ಅದರ ಅರ್ಥ ಕೊರತೆಯಾಗು, ಬೇಕಾಗು. ‘ನಾವು ಕಟ್ಟುತ್ತೇವೆ’ ಎನ್ನುವಲ್ಲಿ ಸ್ವರಗಳು ಕೂಡಿ ‘ದೂಮೆನ್’ ಆಗುತ್ತದೆ, ಕೊರತೆಯ ಕ್ರಿಯಾಪದ ‘ದೆಒಮೆನ್’ ಎಂದೇ ಉಳಿಯುತ್ತದೆ.

ಅಭ್ಯಾಸಕ್ಕೆ ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದ 30ನೆಯ ವಾಕ್ಯವನ್ನು ತೆಗೆದುಕೊಳ್ಳಿ. ಬೀದರಿನ ಅನೇಕ ಕ್ರೈಸ್ತ ಮನೆಗಳಲ್ಲಿ ಅದರ ಕನ್ನಡ ಪಾಠ ಪರಿಚಿತ: ಕಳೆಯನ್ನು ಸುಡಲು ಕಟ್ಟು ಕಟ್ಟಿರಿ, ಗೋದಿಯನ್ನು ಕಣಜಕ್ಕೆ ತುಂಬಿರಿ. ಮೂಲದಲ್ಲಿ ಕ್ರಿಯಾಪದ ‘ದೇಸತೆ’, ನಾಮಪದ ‘ದೆಸ್ಮಸ್’. ಒಂದೇ ಧಾತು ಎರಡು ವೇಷದಲ್ಲಿ ಅಕ್ಕಪಕ್ಕ ಬಂದಿರುವುದನ್ನು ಬೆರಳಿಟ್ಟು ಗುರುತಿಸಿ. ಕಲಬುರಗಿಯಲ್ಲಿ ವೈದ್ಯಕೀಯ, ನರ್ಸಿಂಗ್ ಓದುತ್ತಿರುವವರು ತಮ್ಮ ಪುಸ್ತಕಗಳಲ್ಲೂ ಇದನ್ನು ಹುಡುಕಬಹುದು: ಕಣಕಾಲಿನ ಮೇಲೆ ಎರಡು ಎಲುಬುಗಳನ್ನು ಕಟ್ಟಿಹಿಡಿಯುವ ಸಿಂಡೆಸ್ಮೋಸಿಸ್, ಜೀವಕೋಶಗಳನ್ನು ಬೆಸೆಯುವ ಡೆಸ್ಮೋಸೋಮ್, ಕೀಲನ್ನು ಬೆಸೆದುಬಿಡುವ ಆರ್ಥ್ರೋಡೆಸಿಸ್. ಲಿಗಮೆಂಟ್, ಫ್ಯಾಸಿಕ್ಯುಲಸ್ ಇವು ಲ್ಯಾಟಿನ್ ಮೂಲದವು; ಅವಕ್ಕೆ ಟಿಪ್ಪಣಿ ಪುಸ್ತಕದಲ್ಲಿ ಬೇರೆ ಪುಟ ಮಾಡಿಕೊಳ್ಳಿ.