ಬ್ರಾಂಚ್ ಮುಚ್ಚುವಾಗ ಎಲ್ಲವನ್ನೂ ಗುಜರಿಗೆ ಒಟ್ಟಿಗೆ ಕೊಡಬೇಡಿ: ಚಿಕ್ಕಮಗಳೂರಿನ ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಬ್ರಾಂಚ್ ಮುಚ್ಚುವ ಆರ್ಡರ್ ಜೊತೆಗೇ ಹೆಡ್ ಆಫೀಸಿನಿಂದ ಒಂದು ಕೊಟೇಶನ್ ಕೂಡ ಬಂದಿತ್ತು. ಒಬ್ಬ ಗುಜರಿ ವ್ಯಾಪಾರಿ ಇಡೀ ಆಫೀಸನ್ನು ಒಟ್ಟಿಗೆ 60 ಸಾವಿರಕ್ಕೆ ಎತ್ತಿಕೊಂಡು ಹೋಗುತ್ತೇನೆ ಅಂದಿದ್ದ. ಎರಡು ದಿನದಲ್ಲಿ ಖಾಲಿ, ತಲೆನೋವಿಲ್ಲ ಅನ್ನುವುದು ಹೆಡ್ ಆಫೀಸಿನವರ ವಾದ. ನಾನು ಒಪ್ಪಲಿಲ್ಲ. ಬಿಡಿಬಿಡಿಯಾಗಿ ಮಾರಿ ಕೊನೆಗೆ ಸುಮಾರು ಎರಡೂವರೆ ಲಕ್ಷ ತಂದೆ. ಕೂಲಿ, ಗಾಡಿ ಎಲ್ಲ ಸೇರಿ 35 ಸಾವಿರ ಖರ್ಚಾಗಿರಬಹುದು. ಈಗ ಕಂಪನಿಯ ಬೇರೆ ಬ್ರಾಂಚಿನವರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅವರಿಗೂ, ಅಡ್ಮಿನ್ ಕೆಲಸದಲ್ಲಿರುವ ಉಳಿದವರಿಗೂ ಅಂತ ಬರೆಯುತ್ತಿದ್ದೇನೆ.

ನಮ್ಮದು ಸಾಲ ಕೊಡುವ ಖಾಸಗಿ ಕಂಪನಿ. ಮೊದಲ ಮಹಡಿಯಲ್ಲಿ ಆಫೀಸು, ಬಾಡಿಗೆ ತಿಂಗಳಿಗೆ 35 ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು. ಬೇಗ ಖಾಲಿ ಮಾಡಿದರೆ ಬಾಡಿಗೆ ಉಳಿಯುತ್ತೆ ಅಂತ ಎಲ್ಲರೂ ಹೇಳಿದರು. ಆದರೆ ಅಗ್ರಿಮೆಂಟ್ ತೆಗೆದು ನೋಡಿ. ಮೂರು ತಿಂಗಳ ನೋಟಿಸ್ ಅಂತ ಇದ್ದರೆ ಆ ಬಾಡಿಗೆ ಹೇಗಿದ್ದರೂ ಕೊಡಲೇಬೇಕು. ಎರಡು ದಿನದಲ್ಲಿ ಖಾಲಿ ಮಾಡಿ ಬೀಗ ಹಾಕಿದರೂ ಅಷ್ಟೇ, ಕೊನೆಯ ದಿನದವರೆಗೆ ಕೂತರೂ ಅಷ್ಟೇ. ಅಂದಮೇಲೆ ಆ ಮೂರು ತಿಂಗಳು ನಮಗೆ ದುಡ್ಡು ಕೊಟ್ಟು ಕೊಂಡ ಅಂಗಡಿ ಇದ್ದ ಹಾಗೆ. ಅದರಲ್ಲಿ ವ್ಯಾಪಾರ ಮಾಡಬೇಕು. ಇದನ್ನು ಹೆಡ್ ಆಫೀಸಿಗೆ ಒಪ್ಪಿಸಲು ಮಾಲು ಮಾರಿದ್ದಕ್ಕಿಂತ ಜಾಸ್ತಿ ಕಷ್ಟಪಟ್ಟೆ. ಕಟ್ಟಡದ ಓನರ್ ಅಂತೂ "ಏನ್ ಸಾರ್, ನಮ್ಮ ಬಿಲ್ಡಿಂಗಲ್ಲಿ ಗುಜರಿ ಅಂಗಡಿ ಇಡ್ತೀರಾ?" ಅಂದರು.

ನೋಟಿಸ್ ಕೊಟ್ಟಿದ್ದು ಜನವರಿಯಲ್ಲಿ. ಇದನ್ನು ನಾನೇ ಒತ್ತಾಯ ಮಾಡಿ ಅಲ್ಲಿಗೆ ತಂದಿದ್ದು. ನಮ್ಮ ಕಡೆ ಅರೇಬಿಕಾ ಕಾಫಿಯ ಕೊಯ್ಲು ಮುಗಿದು ರೊಬಸ್ಟಾ ಕಾಫಿಯದು ನಡೆಯುವ ಹೊತ್ತಿಗೆ ತೋಟದವರ ಕೈಯಲ್ಲಿ ದುಡ್ಡಿರುತ್ತೆ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಶುರುವಾದರೆ ಅವರ ಗಮನವೆಲ್ಲ ಗಿಡದ ಮೇಲೆ. ಇನ್ನು ಜೂನಿಗೆ ಎಳೆದರೆ ಮುಗಿದೇ ಹೋಯಿತು. ಮಲೆನಾಡಿನ ಮಳೆಯಲ್ಲಿ ರದ್ದಿ ಪೇಪರ್ ಥಂಡಿ ಹಿಡಿದು ಗುಜರಿಯವರು ತೂಕ ಹೊಡೆಯುತ್ತಾರೆ, ಪಾರ್ಟಿಕಲ್ ಬೋರ್ಡಿನ ಟೇಬಲ್ ಅಂಚು ಉಬ್ಬುತ್ತೆ, ಗಾಡಿಗೆ ಟಾರ್ಪಾಲು ಬೇಕು. ಫೆಬ್ರವರಿಯ ಬಿಸಿಲು ನನಗೆ ಅರ್ಧ ಕೆಲಸ ಮಾಡಿಕೊಟ್ಟಿತು.

ಬೀರುಗಳಿಂದ ಶುರು ಮಾಡುತ್ತೇನೆ, ಯಾಕೆಂದರೆ ದುಡ್ಡು ಇರುವುದು ಅಲ್ಲೇ. ದೊಡ್ಡ ಕಬ್ಬಿಣದ ಬೀರು 65-70 ಕೆಜಿ ಬರುತ್ತೆ. ಗುಜರಿಯಲ್ಲಿ ಕೆಜಿಗೆ 30 ರೂಪಾಯಿ ಸಿಕ್ಕರೆ ಸುಮಾರು 2 ಸಾವಿರ. ಅದೇ ಬೀರನ್ನು ಬೀರಾಗಿಯೇ ಮಾರಿದರೆ 4,500. ನನ್ನ ಹತ್ತಿರ ಹದಿನಾಲ್ಕೋ ಹದಿನೈದೋ ಇದ್ದವು. ಕೊಂಡವರು ಯಾರು ಗೊತ್ತಾ? ಟೌನಿನವರಲ್ಲ. ಆಲ್ದೂರು, ಮೂಡಿಗೆರೆ ಕಡೆಯ ತೋಟದವರು. ತೋಟದ ಸ್ಟೋರಿನಲ್ಲಿ ಔಷಧಿ, ಗೊಬ್ಬರದ ಲೆಕ್ಕ, ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಇಡಲು ಬೀಗ ಹಾಕುವ ಬೀರು ಬೇಕೇ ಬೇಕು. ಹೊಸದಕ್ಕೆ ಹತ್ತು ಸಾವಿರದ ಮೇಲೆ ಕೊಡಲು ಯಜಮಾನರಿಗೆ ಮನಸ್ಸಿರುವುದಿಲ್ಲ. ನಾನು ಯಜಮಾನರನ್ನು ಹುಡುಕಿಕೊಂಡು ಹೋಗಲಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್‌ಗಳನ್ನು ಹಿಡಿದೆ. ಯಾವ ತೋಟದಲ್ಲಿ ಯಾವ ಬೀರಿಗೆ ಗೆದ್ದಲು ಹತ್ತಿದೆ ಅಂತ ಅವರಿಗೆ ಗೊತ್ತಿರುತ್ತೆ. ಒಂದು ಪಟ್ಟಿ, ನಾಲ್ಕು ಫೋಟೋ, ಬೆಲೆ. ವಾಟ್ಸಾಪಿನಲ್ಲಿ ಕಳಿಸಿದರೆ ಮುಗಿಯಿತು. ಬೆಲೆ ಬರೆಯದೆ ಕಳಿಸಿದ ಮೊದಲ ಪಟ್ಟಿಗೆ ಸುಮ್ನೆ ವಿಚಾರಿಸುವವರೇ ಫೋನ್ ಮಾಡಿದರು. ಬೆಲೆ ಹಾಕಿದ ಮೇಲೆ ಕೊಳ್ಳುವವರು ಬಂದರು.

ಬೀಗದ ಕೈ ಇಲ್ಲದ ಬೀರಿಗೆ ಅರ್ಧ ಬೆಲೆಯೂ ಇಲ್ಲ. 150 ರೂಪಾಯಿ ಕೊಟ್ಟರೆ ಕೀ ಮಾಡುವವರು ಆಫೀಸಿಗೇ ಬಂದು ಮಾಡಿಕೊಡುತ್ತಾರೆ. ಇದನ್ನು ಮೊದಲು ಮಾಡಿಸಿ, ಆಮೇಲೆ ಫೋಟೋ ತೆಗೆಯಿರಿ.

ಕುರ್ಚಿಗಳಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ತಿರುಗುವ ಕುರ್ಚಿಗಳು ಇಪ್ಪತ್ತರ ಮೇಲಿದ್ದವು. ಒಂದಕ್ಕೆ ಚಕ್ರ ಇಲ್ಲ, ಇನ್ನೊಂದಕ್ಕೆ ಕೈ ಮುರಿದಿದೆ, ಮತ್ತೊಂದು ಕೂತ ಕೂಡಲೇ ಕೆಳಗಿಳಿಯುತ್ತೆ. ಗುಜರಿಯವನು ಎಲ್ಲಕ್ಕೂ ಒಂದೇ ದರ ಹೇಳಿದ, ತಲಾ 150. ನಮ್ಮ ಆಫೀಸ್ ಬಾಯ್ ಜೊತೆ ಕೂತು ಎಲ್ಲ ಬಿಚ್ಚಿ, ಒಳ್ಳೆಯ ಭಾಗಗಳನ್ನು ಸೇರಿಸಿ ಹದಿನೈದು ಗಟ್ಟಿ ಕುರ್ಚಿ ಮಾಡಿದೆವು. ಕೆಲವಕ್ಕೆ ಸೀಟನ್ನು ಎತ್ತಿ ಇಳಿಸುವ ಹೊಸ ಗ್ಯಾಸ್ ಲಿಫ್ಟ್ ತರಿಸಿದೆ, ಒಂದಕ್ಕೆ 400 ಆಸುಪಾಸು. 1,400ರಂತೆ ಎಲ್ಲ ಹೋದವು. ಹೆಚ್ಚಿನವನ್ನು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದವರೇ ತೆಗೆದುಕೊಂಡರು. ಗಿರಾಕಿಗಳು ಕೂರುವ ಮೂರು ಸೀಟಿನ ಸ್ಟೀಲ್ ಬೆಂಚುಗಳಿಗೆ ಕ್ಲಿನಿಕ್ಕುಗಳಲ್ಲಿ ಯಾವಾಗಲೂ ಬೇಡಿಕೆ. ಹೋಂಸ್ಟೇಯವರು ತಗೊಳ್ಳುತ್ತಾರೆ ಅಂದುಕೊಂಡಿದ್ದೆ, ಅವರು ಮುಟ್ಟಲಿಲ್ಲ. ಅವರಿಗೆ ಮರದ್ದೇ ಬೇಕು.

ಎಸಿ ಕಥೆ ಬೇರೆ. ಚಿಕ್ಕಮಗಳೂರಿನಲ್ಲಿ ಹಳೇ ಎಸಿ ಯಾರಿಗೆ ಬೇಕು? ಕೇಳಿದವರೆಲ್ಲ 4-5 ಸಾವಿರ ಅಂದರು, ಅದೂ ಒಳಗಿನ ತಾಮ್ರದ ಆಸೆಗೆ. ನಾನು ಕಡೂರಿನ ಕಡೆ ವಿಚಾರಿಸಿದೆ. ಜಿಲ್ಲೆ ಒಂದೇ ಆದರೂ ಅದು ಬಯಲುಸೀಮೆ, ಮಾರ್ಚ್ ಬಂದರೆ ಅಲ್ಲಿ ಸೆಕೆ. ನಾಲ್ಕೂ ಎಸಿಗಳು ತಲಾ 11 ಸಾವಿರಕ್ಕೆ ಹೋದವು. ಬಿಚ್ಚುವಾಗ ಒಂದು ವಿಷಯ ನೋಡಿಕೊಳ್ಳಿ. ಅವಸರದವರು ಪೈಪ್ ಕತ್ತರಿಸಿ ಗ್ಯಾಸ್ ಗಾಳಿಗೆ ಬಿಡುತ್ತಾರೆ. ಹಾಗೆ ಬಿಡಬೇಡಿ. ಎಸಿ ಓಡುತ್ತಿರುವಾಗಲೇ ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಗ್ಯಾಸೆಲ್ಲ ಹೊರಗಿನ ಯೂನಿಟ್ಟಿಗೆ ಬಂದ ಮೇಲೆ ದಪ್ಪ ಪೈಪಿನದನ್ನು ಮುಚ್ಚಿಸಿ. ಕೊಳ್ಳುವವನಿಗೆ ಮತ್ತೆ ಗ್ಯಾಸ್ ತುಂಬಿಸುವ ಖರ್ಚಿಲ್ಲ, ನಿಮಗೆ ಬೆಲೆ ಇಳಿಸುವವರಿಲ್ಲ.

ಬ್ಯಾಟರಿಗಳ ವಿಷಯದಲ್ಲಿ ಜನ ಅತಿ ಹೆಚ್ಚು ಕಳೆದುಕೊಳ್ಳುತ್ತಾರೆ. ಯುಪಿಎಸ್‌ಗೆ 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ ಎಂಟು ಇದ್ದವು, ಎಲ್ಲ ಸತ್ತವೇ. ಗುಜರಿಯವರು ಕಣ್ಣಂದಾಜಿನಲ್ಲಿ ಒಂದಕ್ಕೆ 2,200 ಹೇಳಿದರು. ತಕ್ಕಡಿ ತರಿಸಿ ತೂಗಿದರೆ ಒಂದೊಂದೂ 50 ಕೆಜಿ ಮೇಲೆ! ಸೀಸಕ್ಕೆ ಬೆಲೆ ಇರುವವರೆಗೆ ಸತ್ತ ಬ್ಯಾಟರಿ ಸತ್ತಿದ್ದಲ್ಲ. ಹಳೇ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಬ್ಯಾಟರಿ ಅಂಗಡಿಗೇ ತೂಕದ ಲೆಕ್ಕದಲ್ಲಿ ಕೊಟ್ಟೆ, ಒಂದಕ್ಕೆ 4,500ರ ಹತ್ತಿರ ಬಂತು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂದ ಮೇಲೆ ಕಂಪನಿಗಳು ಇದಕ್ಕೆ ಸರಿಯಾದ ಕಾಗದ ಕೇಳುತ್ತವೆ. ಅಂಗಡಿಯವರಿಂದ ರಸೀದಿ ಪಡೆದು ಫೈಲಿಗೆ ಸೇರಿಸಿದೆ. ಆಸಿಡ್ ಚೆಲ್ಲಿಸಿ ತರಲು ಹೇಳುವವರ ಹತ್ತಿರ ಹೋಗಬೇಡಿ.

ಸೀಲಿಂಗಿನೊಳಗಿನ ನೆಟ್‌ವರ್ಕ್ ಕೇಬಲ್ ಸುಲಿದು ತಾಮ್ರ ತೆಗೆದರೆ ಹೇಗೆ ಅಂತ ಒಂದು ಮಧ್ಯಾಹ್ನ ಪ್ರಯತ್ನಿಸಿದೆವು. ಕೂಲಿ ಗಿಟ್ಟಲ್ಲ. ಸುಲಿಯದೆ ಹಾಗೇ ತೂಕಕ್ಕೆ ಕೊಡಿ.

ಈಗ ಕಾಗದ. ನಿಜವಾದ ಕಷ್ಟ ಇದೇ. ಯಾವುದನ್ನು ಇಡಬೇಕು ಅನ್ನುವುದು ನಿಮಗೆ ಗೊತ್ತಿರುವುದೇ: ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕ 8 ವರ್ಷ, ಜಿಎಸ್‌ಟಿಗೆ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು, ಗಿರಾಕಿಯ ಗುರುತು, ವಿಳಾಸದ ದಾಖಲೆ (ಕೆವೈಸಿ) ವ್ಯವಹಾರ ಮುಗಿದ ಮೇಲೆ 5 ವರ್ಷ. ನಾನು ಯಾವುದು ಉದ್ದವೋ ಅದನ್ನೇ ಹಿಡಿದೆ. ಇಡಬೇಕಾದ್ದನ್ನು ಪಟ್ಟಿ ಮಾಡಿ, ಪ್ಲಾಸ್ಟಿಕ್ ಸುತ್ತಿ, ಹಾಸನದ ಆಫೀಸಿಗೆ ಸಾಗಿಸಿದೆ. ಉಳಿದಿದ್ದರಲ್ಲಿ ಖಾಲಿ ಫಾರ್ಮು, ಹಳೇ ಕರಪತ್ರ ರದ್ದಿಗೆ ಹೋಯಿತು. ಆಧಾರ್, ಪ್ಯಾನ್, ಫೋಟೋ ಇರುವ ಹಳೇ ಅರ್ಜಿಗಳೇ 600 ಕೆಜಿ ಮೇಲಿದ್ದವು. ಅದನ್ನು ರದ್ದಿಗೆ ಕೊಟ್ಟರೆ ನಾಳೆ ಯಾರದೋ ಆಧಾರ್ ಕಾರ್ಡಿನಲ್ಲಿ ಕಡಲೆಕಾಯಿ ಪೊಟ್ಟಣ ಕಟ್ಟುತ್ತಾರೆ. ನಮ್ಮನ್ನು ನಂಬಿ ಕೊಟ್ಟ ಕಾಗದ ಅದು. ಇದರಲ್ಲಿ ನಾನು ಒಂದು ಹಾಳೆಗೂ ರಾಜಿ ಆಗಲಿಲ್ಲ.

ಆಫೀಸಿನ ಶ್ರೆಡ್ಡರ್ ಐದು ನಿಮಿಷ ಓಡಿದರೆ ಅರ್ಧ ಗಂಟೆ ತಣ್ಣಗಾಗಬೇಕು. ಅದನ್ನು ನಂಬಿಕೊಂಡರೆ ಯಾವಾಗ ಮುಗಿಯುತ್ತೋ ಗೊತ್ತಿಲ್ಲ. ಸುಡೋಣ ಅಂದವರಿದ್ದರು. ಊರೊಳಗೆ ಸುಡಬಾರದು, ಅದಿರಲಿ. ಒತ್ತಾಗಿ ಕಟ್ಟಿದ ಫೈಲ್ ಸುಡುವುದೂ ಇಲ್ಲ. ಅಂಚು ಕಪ್ಪಾಗುತ್ತೆ, ಒಳಗಿನ ಹಾಳೆ ಚೆನ್ನಾಗಿ ಓದಲು ಬರುತ್ತೆ. ಹಿಂದೆ ಬೇರೆ ಊರಿನ ಬ್ರಾಂಚ್ ಮುಚ್ಚಿದಾಗ ಇದನ್ನು ಕಣ್ಣಾರೆ ನೋಡಿದ್ದೆ. ಹಾಗಾಗಿ ಈ ಸಲ ನೀರಿನ ಡ್ರಮ್ಮಿನಲ್ಲಿ ನೆನೆಸಿಟ್ಟು ನೋಡಿದೆ. ವಾರ ಕಳೆದರೂ ಲೇಸರ್ ಪ್ರಿಂಟಿನ ಅಕ್ಷರ ಹಾಗೇ ಇತ್ತು.

ಆಗ ಹೊಳೆದಿದ್ದು ಹಸುವಿನ ಮೇವು ಕತ್ತರಿಸುವ ಯಂತ್ರ, ಚಾಫ್ ಕಟ್ಟರ್. ಬೇಲೂರು ರಸ್ತೆ ಕಡೆ ಹೈನುಗಾರಿಕೆ ಮಾಡುವ ಪರಿಚಯದವರ ಹತ್ತಿರ 3 ಎಚ್‌ಪಿ ಮೋಟಾರಿನದು ಇತ್ತು. ಹೆಡ್ ಆಫೀಸಿಗೆ ಹೇಳಿದಾಗ ನಂಬಲೇ ಇಲ್ಲ. ವಿಡಿಯೋ ಕಳಿಸಿದ ಮೇಲೆ ಸುಮ್ಮನಾದರು. ಕ್ಲಿಪ್, ಟ್ಯಾಗ್, ಪ್ಲಾಸ್ಟಿಕ್ ಕವರ್ ತೆಗೆದು, 30-40 ಹಾಳೆ ಸುರುಳಿ ಸುತ್ತಿ ಕೊಟ್ಟರೆ ಜೋಳದ ದಂಟನ್ನು ಕತ್ತರಿಸುವ ಥರವೇ ಕತ್ತರಿಸುತ್ತೆ. ಅದಕ್ಕಿಂತ ಜಾಸ್ತಿ ಹಾಕಿದರೆ ರೋಲರ್ ಜಾರುತ್ತೆ. ಬಿಡಿ ಹಾಳೆ ಹಾಕಿದರೆ ಹಾರಿ ಹೋಗುತ್ತೆ. ಕಾಗದ ಬ್ಲೇಡನ್ನು ಬೇಗ ಮೊಂಡು ಮಾಡುತ್ತೆ, ಆಗಾಗ ಸಾಣೆ ಹಿಡಿಸಬೇಕು. ಗಂಟೆಗೆ 60-70 ಕೆಜಿ ಆಯಿತು ಅಂತ ನೆನಪು. ಸುರುಳಿಯೊಳಗೆ ಒಂದು ವಸ್ತು ಇಟ್ಟು ಸುತ್ತಿದರೆ ಜಾರುವುದೇ ಇಲ್ಲ. ಅದೇನು ಅಂತ ಇಲ್ಲಿ ಹೇಳುವುದಿಲ್ಲ. ಕೈಯಿಂದ ತಳ್ಳುವ ಕೆಲಸ ಮಾತ್ರ ಬೇಡ, ಮರದ ತುಂಡಿನಿಂದ ತಳ್ಳಿ. ಶುರುವಿನಿಂದ ಕೊನೆಯವರೆಗೂ ನಮ್ಮ ಸಿಬ್ಬಂದಿ ಒಬ್ಬರು ಅಲ್ಲೇ ನಿಂತಿದ್ದರು.

ಚೂರುಗಳನ್ನು ನೀರು ಹಾಕಿ ಕಲಸಿ ಸ್ನೇಹಿತರ ತೋಟದ ಗೊಬ್ಬರದ ಗುಂಡಿಗೆ ಸೇರಿಸಿದೆ. ದಪ್ಪ ಪದರ ಹಾಕಿದ ಕಡೆ ಗಟ್ಟಿಯಾಗಿ ಅಂಟಿಕೊಂಡು ಕೊಳೆಯಲಿಲ್ಲ. ಕಾಫಿ ಪಲ್ಪ್, ಸಗಣಿ ಜೊತೆ ತೆಳ್ಳಗೆ ಬೆರೆಸಿದ ಕಡೆ ಮುಂಗಾರು ಹಿಡಿಯುವ ಹೊತ್ತಿಗೆ ಕಾಗದದ ಗುರುತೇ ಇರಲಿಲ್ಲ. ಈ ಗೊಬ್ಬರ ಗಿಡಕ್ಕೆ ಹೇಗೆ ಅಂತ ಅವರು ಒಂದು ಸಾಲು ಕಾಳುಮೆಣಸಿಗೆ ಮಾತ್ರ ಹಾಕಿ ನೋಡುತ್ತಿದ್ದಾರೆ. ಕಂಪ್ಯೂಟರ್‌ಗಳ ಹಾರ್ಡ್ ಡಿಸ್ಕ್ ಬಿಚ್ಚಿ, ನಂಬರ್ ಬರೆದುಕೊಂಡು, ಎಲ್ಲಕ್ಕೂ ಡ್ರಿಲ್ ಹೊಡೆಸಿ ಹೆಡ್ ಆಫೀಸಿಗೆ ಕಳಿಸಿದೆ. ಅಷ್ಟೇ.

ಕೊನೆಯದಾಗಿ ತಿಜೋರಿ. ಮುಕ್ಕಾಲು ಟನ್‌ಗೆ ಕಡಿಮೆ ಇಲ್ಲ, ಅದೂ ಮೊದಲ ಮಹಡಿಯಲ್ಲಿ. ಗುಜರಿಯವರಿಗೆ ಇದರಲ್ಲಿ ಲಾಭ ಇಲ್ಲ. ತಿಜೋರಿಯ ಗೋಡೆಯೊಳಗೆ ಕಾಂಕ್ರೀಟ್ ಇರುತ್ತೆ, ಒಡೆದು ಕಬ್ಬಿಣ ಬೇರೆ ಮಾಡುವ ಕೂಲಿ ಕಬ್ಬಿಣಕ್ಕಿಂತ ಜಾಸ್ತಿ. ಹೆಡ್ ಆಫೀಸಿಗೆ ಬಂದ 60 ಸಾವಿರದ ಕೊಟೇಶನ್‌ನಲ್ಲಿ ತಿಜೋರಿ ಇಳಿಸುವುದಕ್ಕೆ ಅಂತಲೇ 10 ಸಾವಿರ ಮುರಿದುಕೊಂಡಿದ್ದರು. ಆದರೆ ಹಳ್ಳಿಯ ಸಹಕಾರ ಸಂಘಗಳಿಗೆ ಇಂಥ ತಿಜೋರಿ ಬೇಕಿರುತ್ತೆ. ಒಂದು ಸಂಘದವರು 38 ಸಾವಿರಕ್ಕೆ ಒಪ್ಪಿದರು, ಎರಡೂ ಸೆಟ್ ಕೀ ಇದ್ದರೆ ಮಾತ್ರ ಅಂತ. ಎರಡನೇ ಸೆಟ್ ಬೇರೆ ಬ್ರಾಂಚಿನಲ್ಲಿತ್ತು. ಅದನ್ನು ತರಿಸಿದ ಮೇಲೇ ಮಾತು ಪಕ್ಕಾ ಆಗಿದ್ದು.

ಕ್ರೇನಿನವರು 18 ಸಾವಿರ ಕೇಳಿದರು, ಕಿಟಕಿಯ ಗ್ರಿಲ್ ಬೇರೆ ಕತ್ತರಿಸಬೇಕಿತ್ತು. ನಾನು ಸಿಲ್ವರ್ ಓಕ್ ದಿಮ್ಮಿ ಲೋಡ್ ಮಾಡುವ ಗ್ಯಾಂಗನ್ನು ಕರೆಸಿದೆ. ಮೇಸ್ತ್ರಿ ಮೆಟ್ಟಿಲು ನೋಡಿ, "ಸಾರ್, ಇದು ಮರಕ್ಕಿಂತ ಸಲೀಸು, ಉರುಳಲ್ಲ" ಅಂದರು. ಮೆಟ್ಟಿಲ ಮೇಲೆ ಹಲಗೆ ಹಾಸಿ, ಒದ್ದೆ ಗೋಣಿ ಹೊದಿಸಿ, ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಸಡಿಲ ಬಿಡುತ್ತಾ ಇಳಿಸಿದರು. ನಡುವಿನ ತಿರುವಿನಲ್ಲಿ ಅದನ್ನು ತಿರುಗಿಸಿದ ರೀತಿ ಆ ಮೇಸ್ತ್ರಿಯ ಹೊಟ್ಟೆಪಾಡಿನ ವಿದ್ಯೆ, ಅದನ್ನು ನಾನು ಬರೆಯುವುದು ಸರಿಯಲ್ಲ. ಕೂಲಿ 9 ಸಾವಿರ. ಒಂದು ಮೆಟ್ಟಿಲಿನ ಗ್ರಾನೈಟ್ ಮೂಲೆ ಕೂಡ ಹಾರಲಿಲ್ಲ.

ಬಿಲ್ ಇಲ್ಲದೆ ಒಂದು ಕುರ್ಚಿಯೂ ಹೊರಗೆ ಹೋಗಿಲ್ಲ. ಜಿಎಸ್‌ಟಿ ಸೇರಿಸಿಯೇ ಬೆಲೆ ಹೇಳುತ್ತಿದ್ದೆ, ಹಾಗಾಗಿ ಕೊನೆಯಲ್ಲಿ ತಕರಾರು ಬರಲಿಲ್ಲ. ರಾಜ್ಯದೊಳಗಿನ ನಮ್ಮ ಬ್ರಾಂಚುಗಳೆಲ್ಲ ಒಂದೇ ಜಿಎಸ್‌ಟಿ ನೋಂದಣಿಯಲ್ಲಿರುವುದರಿಂದ ಅದನ್ನು ರದ್ದು ಮಾಡುವ ಗೊಡವೆ ಇಲ್ಲ, ಅದರಲ್ಲಿ ಹೆಚ್ಚುವರಿ ಸ್ಥಳ ಅಂತ ಇರುವ ಈ ಬ್ರಾಂಚಿನ ಹೆಸರನ್ನು ತಿದ್ದುಪಡಿ ಫಾರ್ಮ್ ಆರ್‌ಇಜಿ-14ರಲ್ಲಿ ತೆಗೆಸಿದರೆ ಆಯಿತು.

ಓನರ್ ಜೊತೆ ಲೆಕ್ಕ ಕೊನೆಗೆ ಇಟ್ಟುಕೊಂಡೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಅಗ್ರಿಮೆಂಟಿನಲ್ಲೇ ಇತ್ತು. ನಮ್ಮ ಮುಂಬಾಗಿಲು 12 ಎಂಎಂ ಟಫನ್ಡ್ ಗಾಜು. ಅದನ್ನು ಕತ್ತರಿಸಲು ಬರುವುದಿಲ್ಲ, ಕತ್ತರಿಸಲು ಹೋದರೆ ಪುಡಿಪುಡಿ. ಅದೇ ಅಳತೆಯ ಬಾಗಿಲು ಬೇಕಾದವರು ಸಿಕ್ಕರೆ ಮಾತ್ರ ಬೆಲೆ. ಹೊರಗೆ ನನಗೆ ಸಿಗಲಿಲ್ಲ. ಆದರೆ ಓನರ್‌ಗೆ ಹೊಸದಾಗಿ ಹಾಕಿಸಲು 40 ಸಾವಿರಕ್ಕೆ ಕಡಿಮೆ ಆಗುತ್ತಿರಲಿಲ್ಲ. "ಗೌಡ್ರೇ, ಬಾಗಿಲು, ಲೈಟು, ಸೀಲಿಂಗ್ ಹಾಗೇ ಬಿಡ್ತೀವಿ, ಪೇಂಟಿಂಗ್ ಬಿಟ್ಟುಬಿಡಿ" ಅಂದೆ. ಎರಡು ದಿನ ಯೋಚಿಸಿ ಒಪ್ಪಿದರು. ಗೋಡೆಯ ತೂತುಗಳಿಗೆ ಪುಟ್ಟಿ ನಾವೇ ಹಾಕಿಸಿದೆವು. ಮೆಸ್ಕಾಂ ಕರೆಂಟ್ ಮೀಟರಿನ ಫೋಟೋ ತೆಗೆದು, ಇಬ್ಬರೂ ಸಹಿ ಹಾಕಿ ಕೀ ಕೊಟ್ಟೆವು. ಮೂರೂವರೆ ಲಕ್ಷ ಅಡ್ವಾನ್ಸಿನಲ್ಲಿ ಕೊನೆಯ ಕರೆಂಟು, ನೀರಿನ ಬಿಲ್ಲಿಗೆ ಅಂತ 8 ಸಾವಿರ ಹಿಡಿದು ಉಳಿದಿದ್ದನ್ನು ಕಂಪನಿ ಖಾತೆಗೆ ಹಾಕಿದರು.

ಮಾರಾಟವಾಗದೆ ಉಳಿದಿದ್ದು ಪಾರ್ಟಿಶನ್ ಬೋರ್ಡುಗಳು ಮಾತ್ರ. ಅದಕ್ಕೂ ಗಿರಾಕಿ ಕಂಡುಕೊಂಡವರಿದ್ದರೆ ದಯವಿಟ್ಟು ಹೇಳಿ, ಮುಂದಿನ ತಿಂಗಳು ಇನ್ನೊಂದು ಬ್ರಾಂಚಿನ ಕೆಲಸ ನನಗೇ ಬಂದಿದೆ.