ಡಿಶ್ ಕೇಬಲ್ ಇರುವ ಮನೆಗೆ ಅಟ್ಟದ ಆಂಟೆನಾ

ಅಮೆರಿಕದ ಡಲ್ಲಾಸ್ ಸುತ್ತಮುತ್ತ ಪ್ಲೇನೊ, ಫ್ರಿಸ್ಕೊ, ಅರ್ವಿಂಗ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ, ಸುಂಟರಗಾಳಿಯ ಎಚ್ಚರಿಕೆ ನೋಡಲೇಬೇಕಾದ ಹೊತ್ತಿನಲ್ಲಿಯೇ ಡಿಶ್‌ನ ಚಿತ್ರ ಮಾಯವಾಗುವುದು ಹೊಸದೇನಲ್ಲ. ಉಪಗ್ರಹದ ಸಂಕೇತದ ಕಂಪನಾಂಕ 12 ಗಿಗಾಹರ್ಟ್ಸ್ ಆಸುಪಾಸಿನದು ಇಲ್ಲವೇ ಅದಕ್ಕೂ ಹೆಚ್ಚಿನದು. ಜೋರು ಮಳೆ ಅದನ್ನು ಹೀರಿಬಿಡುತ್ತದೆ. ಸ್ಥಳೀಯ ಟಿವಿ ಕೇಂದ್ರಗಳು ಗೋಪುರದಿಂದ ಬಿತ್ತರಿಸುವುದು 608 ಮೆಗಾಹರ್ಟ್ಸ್‌ಗಿಂತ ಕೆಳಗೆ, ಅಲ್ಲಿ ಮಳೆಯ ಬಾಧೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಡಿಶ್ ಇದ್ದರೂ ಅಟ್ಟದಲ್ಲೊಂದು ಆಂಟೆನಾ ಇರುವುದು ಒಳ್ಳೆಯದು. ಇದಕ್ಕೆ ತಿಂಗಳ ಶುಲ್ಕವೂ ಇಲ್ಲ.

ಅಂಗಡಿಗೆ ಹೋಗುವ ಮೊದಲು, ಗೋಡೆಯೊಳಗಿನ ಹಳೆಯ ಕೇಬಲ್‌ನಲ್ಲಿ ಈಗ ಏನು ಹರಿಯುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಡಿಶ್ ಸೇವೆಯನ್ನು ನಿಲ್ಲಿಸಿಯಾಗಿದ್ದರೆ ಕೆಲಸ ಸುಲಭ: ಡಿಶ್ ಕಡೆಯ ತುದಿಯನ್ನು ಬಿಚ್ಚಿ ಆಂಟೆನಾಗೆ ಜೋಡಿಸಿ, ನಡುವೆ ಇರುವ ಮಲ್ಟಿಸ್ವಿಚ್ಚನ್ನೂ (ಡಿಶ್‌ನ ಸಂಕೇತವನ್ನು ಹಲವು ಪೆಟ್ಟಿಗೆಗಳಿಗೆ ಹಂಚುವ ಸಾಧನ) ಉಪಗ್ರಹಕ್ಕೆಂದೇ ಮಾಡಿದ ಸ್ಪ್ಲಿಟರನ್ನೂ (ಕೇಬಲ್ಲನ್ನು ಕವಲಾಗಿಸುವ ಸಾಧನ) ತೆಗೆದುಹಾಕಿದರೆ ಸಾಕು. ಸೇವೆ ಚಾಲ್ತಿಯಲ್ಲಿದ್ದರೆ ಲೆಕ್ಕ ಬೇರೆ. ಡಿಶ್‌ನಿಂದ ಕೆಳಗಿಳಿಯುವ ಸಂಕೇತ ಸಾಮಾನ್ಯವಾಗಿ 950ರಿಂದ 2150 ಮೆಗಾಹರ್ಟ್ಸ್ ನಡುವಿನದು, ಆಂಟೆನಾದ್ದು 54ರಿಂದ 608ರ ನಡುವಿನದು. ಒಂದನ್ನೊಂದು ಮುಟ್ಟದ ಇವೆರಡನ್ನೂ ಡಿಪ್ಲೆಕ್ಸರ್ ಎಂಬ ಪುಟ್ಟ ಸಾಧನದಿಂದ ಒಂದೇ ಕೇಬಲ್‌ನಲ್ಲಿ ಕೂಡಿಸಿ, ಟಿವಿಯ ಬಳಿ ಇನ್ನೊಂದು ಡಿಪ್ಲೆಕ್ಸರ್‌ನಿಂದ ಬೇರ್ಪಡಿಸಬಹುದು. ಆದರೆ ಹಲವು ಕೋಣೆಗಳ ಡಿಶ್ ಪೆಟ್ಟಿಗೆಗಳು (ಸೆಟ್‌ಟಾಪ್ ಬಾಕ್ಸ್) ಅದೇ ಕೇಬಲ್ ಮೂಲಕ ಪರಸ್ಪರ ದತ್ತಾಂಶ ಕಳಿಸಿಕೊಳ್ಳುವ ಹೊಸ ವ್ಯವಸ್ಥೆಗಳಲ್ಲಿ ಆಂಟೆನಾದ ಅಥವಾ ನಡುವಿನ ಕಂಪನಾಂಕಗಳೂ ಬಳಕೆಯಾಗುವುದರಿಂದ ಎರಡೂ ಕಡೆ ತೊಂದರೆಯಾಗುತ್ತದೆ. ಅಂಥ ಮನೆಯಲ್ಲಿ, ಅಥವಾ ಸ್ವಲ್ಪ ಅನುಮಾನವಿದ್ದರೂ, ಪ್ರತ್ಯೇಕವಾಗಿ ಒಂದು ಆರ್‌ಜಿ-6 (ಟಿವಿಗೆ ಬಳಸುವ ಸಾಮಾನ್ಯ ಕೊಯಾಕ್ಸಿಯಲ್) ಕೇಬಲ್ ಎಳೆಯುವುದೇ ಜಾಣತನ. ಡಿಪ್ಲೆಕ್ಸರ್ ಅಗ್ಗವೆಂಬ ಕಾರಣಕ್ಕೆ ಅದನ್ನೇ ಹಿಡಿದು ಕೂರಬಾರದು.

ಅನಂತರ ದಿಕ್ಕು. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಜಾಲತಾಣದ ನಕ್ಷೆಯಲ್ಲಿ ವಿಳಾಸ ನಮೂದಿಸಿದರೆ ಕೇಂದ್ರಗಳ ದಿಕ್ಕು ಮತ್ತು ಸಂಕೇತದ ಬಲ ತಿಳಿಯುತ್ತದೆ. ಡಲ್ಲಾಸ್‌ನ ಮುಖ್ಯ ಕೇಂದ್ರಗಳ ಗೋಪುರಗಳು ನಗರದ ನೈಋತ್ಯದ ಸೀಡರ್ ಹಿಲ್‌ನಲ್ಲಿವೆ. ಫ್ರಿಸ್ಕೊದಿಂದ ಅದು ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿ, ಸುಮಾರು 65 ಕಿಲೋಮೀಟರ್ ದೂರ. ಇಲ್ಲಿನ ಬಹುತೇಕ ಕೇಂದ್ರಗಳು ಹೆಚ್ಚು ಕಂಪನಾಂಕದ ಯುಎಚ್‌ಎಫ್ ಪಟ್ಟಿಯಲ್ಲಿದ್ದರೂ ಎಬಿಸಿ ಜಾಲದ ಡಬ್ಲ್ಯುಎಫ್‌ಎಎ ಕೇಂದ್ರ ಕಡಿಮೆ ಕಂಪನಾಂಕದ, ಉದ್ದ ತರಂಗದ ವಿಎಚ್‌ಎಫ್‌ನ 8ನೇ ಚಾನೆಲ್‌ನಲ್ಲಿ ಬಿತ್ತರಿಸುತ್ತದೆ. ಆ ತರಂಗದ ಅರ್ಧ ಉದ್ದವೇ ಸುಮಾರು 80 ಸೆಂಟಿಮೀಟರ್. ಅಷ್ಟು ಉದ್ದದ ಕಡ್ಡಿಗಳಿಲ್ಲದ ಕಿರು ಆಂಟೆನಾ, ಪೆಟ್ಟಿಗೆಯ ಮೇಲೆ ಎಷ್ಟು ಮೈಲಿ ಬರೆದಿದ್ದರೂ, ಈ ಚಾನೆಲ್ ಹಿಡಿಯಲು ತಿಣುಕುತ್ತದೆ.

ಅಟ್ಟವನ್ನೂ ಪರೀಕ್ಷಿಸಬೇಕು. ಟೆಕ್ಸಸ್‌ನ ಹೊಸ ಮನೆಗಳಲ್ಲಿ ಬಿಸಿಲು ತಡೆಯಲು ಮಾಡಿನ ಒಳಮೈಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಹೊದಿಸಿರುವುದುಂಟು. ಅದು ಬಿಸಿಲಿನೊಡನೆ ಟಿವಿ ಸಂಕೇತವನ್ನೂ ಹಿಂದಕ್ಕೆ ಅಟ್ಟುತ್ತದೆ. ತಗಡಿನ ಮಾಡಿನದೂ ಇದೇ ಕಥೆ. ಅಂಥಲ್ಲಿ ಆಂಟೆನಾವನ್ನು ಹೊರಗೇ ಹಾಕಿ, ನಿಯಮದಂತೆ ಅರ್ಥಿಂಗ್ ಮಾಡಿಸಬೇಕು. ಬಡಾವಣೆಯ ಸಂಘ ಆಕ್ಷೇಪಿಸೀತೆಂದು ಹೆದರುವವರು, ನಿಮ್ಮದೇ ಸ್ವಾಧೀನದ ಜಾಗದಲ್ಲಿ ಟಿವಿ ಆಂಟೆನಾ ಹಾಕುವುದನ್ನು ಅಂಥ ಸಂಘಗಳು ನಿಷೇಧಿಸದಂತೆ ಎಫ್‌ಸಿಸಿ 1996ರಲ್ಲೇ ನಿಯಮ ಮಾಡಿದೆ ಎಂಬುದನ್ನು ನೆನಪಿಡಬೇಕು.

ಅಟ್ಟ ಹತ್ತುವುದು ಬೆಳಗಿನ ತಂಪಿನಲ್ಲಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ನಿಲ್ಲಲಾಗದು. ಮುಖಗವಸು, ಕೈಗವಸು ಧರಿಸಿ, ಮರದ ತೊಲೆಗಳ ಮೇಲಷ್ಟೇ ಕಾಲಿಡಿ. ನಡುವಿನ ಹಲಗೆ ಭಾರ ತಾಳುವುದಿಲ್ಲ, ಕಾಲು ನೇರ ಕೆಳಗಿನ ಕೋಣೆಯಲ್ಲಿರುತ್ತದೆ. ಆಂಟೆನಾವನ್ನು ಗಾಳಿಯ ಕೊಳವೆಗಳಿಂದ, ವಿದ್ಯುತ್ ತಂತಿಗಳಿಂದ ಆದಷ್ಟು ದೂರ, ಮೊದಲು ಹಗ್ಗದಲ್ಲಿ ತೂಗುಹಾಕಿ ಪರೀಕ್ಷಿಸಿರಿ. ಒಳಗೆ ಸಂಕೇತ ಪುಟಿದು ಚದುರುವುದರಿಂದ ಒಂದೆರಡು ಅಡಿ ಸರಿಸಿದರೂ ಫಲಿತಾಂಶ ಬದಲಾಗುತ್ತದೆ. ದೂರದರ್ಶನದ ಕಾಲದಲ್ಲಿ ತಾರಸಿಯಲ್ಲಿ ಆಂಟೆನಾ ತಿರುಗಿಸಿದವರು ಚುಕ್ಕೆಗಳು ಕಡಿಮೆಯಾಗುವುದನ್ನು ಕಾಯುತ್ತಿದ್ದರು. ಡಿಜಿಟಲ್‌ನಲ್ಲಿ ಚಿತ್ರ ಸ್ವಚ್ಛವಾಗಿರುತ್ತದೆ, ಇಲ್ಲವೇ ಒಡೆದು ನಿಲ್ಲುತ್ತದೆ. ಆದ್ದರಿಂದ ಚಿತ್ರವನ್ನಲ್ಲ, ಟಿವಿಯ ಮೆನುವಿನಲ್ಲಿರುವ ಸಂಕೇತದ ಮಾಪಕವನ್ನು ನೋಡಿ ಜಾಗ ಆರಿಸಿ, ಬಳಿಕ ಮೊಳೆ ಹೊಡೆಯಿರಿ.

ಜೋಡಣೆಗೆ ಮುನ್ನ ಡಿಶ್‌ನ ಪೆಟ್ಟಿಗೆಯ ಪ್ಲಗ್ ಕಿತ್ತಿಡಿ, ಏಕೆಂದರೆ ಡಿಶ್‌ನ ತುದಿಯಲ್ಲಿ ಸಂಕೇತ ಹಿಡಿಯುವ ಸಾಧನವಾದ ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಅದೇ ಕೇಬಲ್‌ನಲ್ಲಿ ಮೇಲಕ್ಕೆ ಹೋಗುತ್ತಿರುತ್ತದೆ. ಡಿಪ್ಲೆಕ್ಸರ್ ಬಳಸುವುದಾದರೆ, ಡಿಶ್ ಕೇಬಲ್ ಅಟ್ಟದಲ್ಲಿ ಹಾದುಹೋಗುವೆಡೆ ಮೊದಲ ಡಿಪ್ಲೆಕ್ಸರ್ ಇಟ್ಟು, ಉಪಗ್ರಹದ ಕಿಂಡಿಗೆ ಡಿಶ್ಶನ್ನೂ ಇನ್ನೊಂದಕ್ಕೆ ಆಂಟೆನಾವನ್ನೂ ಸೇರಿಸಿರಿ. ಉಪಗ್ರಹದ ಕಿಂಡಿ ವಿದ್ಯುತ್ತನ್ನು ದಾಟಿಸುವಂಥದ್ದೇ ಇರಬೇಕು. ಅದಲುಬದಲಾದರೆ ಡಿಶ್ ಕೆಲಸ ಮಾಡದು. ಹೊರಗೋಡೆಯಲ್ಲಿರುವ ಅರ್ಥಿಂಗ್ ಜೋಡಣೆಯನ್ನು ಮುಟ್ಟಬೇಡಿ. ಸಂಕೇತದ ಬಲ ಹೆಚ್ಚಿಸುವ ಆಂಪ್ಲಿಫೈಯರ್ ಮೊದಲೇ ಕೊಳ್ಳುವುದು ಬೇಡ: 30 ಮೀಟರ್ ಕೇಬಲ್‌ನಲ್ಲಿ ಸುಮಾರು 5 ಡೆಸಿಬೆಲ್, ಎರಡು ಕವಲಿನ ಸ್ಪ್ಲಿಟರ್‌ನಲ್ಲಿ ಸುಮಾರು 3.5 ಡೆಸಿಬೆಲ್ ನಷ್ಟವಾಗುತ್ತದೆ, ಇದನ್ನು ತುಂಬಿಕೊಳ್ಳಬೇಕಾದಾಗ ಮಾತ್ರ ಅದು ಬೇಕು. ಬಳಸುವುದಾದರೆ ಅದರ ವಿದ್ಯುತ್ ಸಂಪರ್ಕವನ್ನು ಡಿಪ್ಲೆಕ್ಸರ್‌ಗಿಂತ ಮೊದಲೇ, ಅಟ್ಟದಲ್ಲಿಯೇ ಕೊಡಿ.

ಕೊನೆಗೆ ಟಿವಿಯ ಮೆನುವಿನಲ್ಲಿ ‘ಕೇಬಲ್’ ಬದಲು ‘ಆಂಟೆನಾ’ ಆರಿಸಿ ಚಾನೆಲ್‌ಗಳನ್ನು ಹುಡುಕಿಸಿರಿ. ಉಳಿದವೆಲ್ಲ ಬಂದು ಡಬ್ಲ್ಯುಎಫ್‌ಎಎ ಮಾತ್ರ ತಡವರಿಸಿದರೆ ಆಂಟೆನಾವನ್ನು ದೂರುವ ಮುನ್ನ ಮನೆಯ ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ನಂದಿಸಿ ಮಾಪಕವನ್ನು ಗಮನಿಸಿ. ಕಳಪೆ ಎಲ್‌ಇಡಿಗಳ ವಿದ್ಯುತ್ ಗದ್ದಲ ವಿಎಚ್‌ಎಫ್‌ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.