ಮರ ಕಿತ್ತು, ಮರಳು ಅಗೆದು: ಹೀತ್ ಬಯಲಿನಲ್ಲಿ ನನ್ನ ಕೆಲಸ

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹೀತ್ ಬಯಲು, ಅಂದರೆ ಕುರುಚಲು ಪೊದೆ ಬೆಳೆದ ಬಡ ಮರಳು ನೆಲ, ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿನಲ್ಲಿ ನಾನಿದ್ದೇನೆ. ಚಳಿಗಾಲದಲ್ಲಿ ನಮ್ಮ ಮುಖ್ಯ ಕೆಲಸ ಮರ ತೆಗೆಯುವುದು. ಗಿಡ ನೆಡುವುದೇ ಪರಿಸರ ಸೇವೆ ಎಂದು ಶಾಲೆಯಿಂದಲೇ ಕೇಳಿಕೊಂಡು ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಾಯಿ ಜೊತೆ ವಾಕಿಂಗ್ ಬಂದವರು ಕೆಲವೊಮ್ಮೆ ನಿಂತು ಜಗಳಕ್ಕೇ ಬರುತ್ತಾರೆ.

ಹೀತ್ ತಾನಾಗಿ ಉಳಿಯುವ ನೆಲವಲ್ಲ. ಕಂಚಿನ ಯುಗದ ಹೊತ್ತಿಗೆ ಇಲ್ಲಿನ ಮರಳುಮಣ್ಣಿನ ಮೇಲಿದ್ದ ಕಾಡನ್ನು ಜನ ಕಡಿದರು. ಮಳೆ ಮಣ್ಣಿನ ಸಾರವನ್ನೆಲ್ಲ ಕೆಳಕ್ಕೆ ಬಸಿದು, ಹುಳಿ ಮಣ್ಣು ಉಳಿಯಿತು. ಅಂಥ ಬಡ ನೆಲದಲ್ಲೂ ಹೆದರ್ ಎಂಬ ಕುಳ್ಳ ಪೊದೆ ಸೊಂಪಾಗಿ ಬರುತ್ತದೆ, ಅದರ ಬೇರಿನಲ್ಲಿರುವ ಶಿಲೀಂಧ್ರ ಆಹಾರ ಹುಡುಕಿ ಕೊಡುತ್ತದೆ. ಆಮೇಲೆ ಶತಮಾನಗಟ್ಟಲೆ ದನ-ಕುದುರೆ ಮೇಯಿಸಿ, ಉರುವಲಿಗೆ ಗಾರ್ಸ್ ಮುಳ್ಳುಪೊದೆ ಕಡಿದು ಜನ ಅದನ್ನು ಬಯಲಾಗಿಯೇ ಇಟ್ಟರು. ಆ ಬದುಕು ನಿಂತ ಮೇಲೆ ಬರ್ಚ್, ಪೈನ್ ಮರಗಳು ಒಳನುಗ್ಗಿದವು. ಉಳುಮೆ, ನೆಡುತೋಪು, ಬಡಾವಣೆಗಳೂ ಸೇರಿಕೊಂಡು ಬ್ರಿಟನ್ನಿನ ತಗ್ಗುನೆಲದ ಹೀತ್‌ನಲ್ಲಿ 1800ರಿಂದೀಚೆಗೆ ಶೇ. 80ಕ್ಕೂ ಹೆಚ್ಚು ಕಳೆದುಹೋಗಿದೆ.

ಪೈನ್ ಸಾಧು. ಬುಡದಲ್ಲಿ ಕೊಯ್ದರೆ ಮತ್ತೆ ಚಿಗುರುವುದಿಲ್ಲ. ಬರ್ಚ್ ಹಾಗಲ್ಲ, ಒಂದು ಕಡಿದರೆ ಬುಡದಿಂದ ಐದಾರು ಕವಲು ಎದ್ದು ಬರುತ್ತವೆ. ಮೊಣಕಾಲೆತ್ತರದ ಸಸಿಗಳನ್ನು ಮಳೆ ಬಂದ ಮಾರನೆಯ ದಿನ ಬೇರುಸಹಿತ ಕಿತ್ತುಬಿಡುವುದೇ ಲೇಸು. ದೊಡ್ಡದನ್ನು ಕಡಿದರೆ ಕೊರಡಿಗೆ ಕಳೆನಾಶಕ ಸವರಲೇಬೇಕು. ಅದು ನನಗೆ ಇಷ್ಟವಿಲ್ಲದ ಕೆಲಸ, ಆದರೆ ಬೇರೆ ದಾರಿ ಕಂಡಿಲ್ಲ. ಕಡಿದ ರೆಂಬೆಗಳನ್ನು ಅಲ್ಲೇ ಕೊಳೆಯಲು ಬಿಡುವಂತಿಲ್ಲ. ಕೊಳೆತರೆ ಗೊಬ್ಬರವಾಗುತ್ತದೆ, ಗೊಬ್ಬರ ಬಿದ್ದರೆ ಹುಲ್ಲು ಎದ್ದು ಹೆದರ್ ಸೋಲುತ್ತದೆ. ನಾಯಿಯ ಹೇಲು ಹೆಕ್ಕಿ ಒಯ್ಯಿರಿ ಎಂದು ನಾವು ಗೋಗರೆಯುವುದೂ ಇದೇ ಕಾರಣಕ್ಕೆ.

ನನಗೆ ಅತಿ ಇಷ್ಟ, ಹಲ್ಲಿಗಳು ಮೊಟ್ಟೆಯಿಡಲೆಂದು ಅಡಿಯ ಮರಳನ್ನು ತೆರೆದಿಡುವ ಕೆಲಸ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಆರಿಸಿ, ಹೆದರ್‌ನ ಬೇರು ಹೆಣೆದುಕೊಂಡ ಕಪ್ಪು ಪದರವನ್ನು ಗುದ್ದಲಿಯಿಂದ ಚಾಪೆಯಂತೆ ಸುತ್ತಿ ತೆಗೆಯುತ್ತೇವೆ. ಅಡಿಯಲ್ಲಿ ಬೂದು-ಬಿಳಿ ಮರಳು ಸಿಗುತ್ತದೆ. ಅಂಚಿನಲ್ಲಿ ಹೆದರ್ ಒತ್ತಾಗಿರಬೇಕು, ಹದ್ದು-ಗಿಡುಗ ಕಂಡರೆ ಹಲ್ಲಿಗಳು ಓಡಿ ಅಡಗಲು. ಮೇ ಕೊನೆ, ಜೂನ್ ಹೊತ್ತಿಗೆ ಸ್ಯಾಂಡ್ ಲಿಝರ್ಡ್ ಎಂಬ ಹಲ್ಲಿಯ ಹೆಣ್ಣು ಬಂದು ಅಲ್ಲಲ್ಲಿ ಕೆದಕಿ ನೋಡುತ್ತದೆ. ಮೇಲಿನ ಮರಳು ಬಿಸಿ, ಒಳಗೆ ತುಸು ತೇವ, ಹೀಗೆ ಹದ ಸಿಕ್ಕಲ್ಲಿ ಮೊಟ್ಟೆ ಹೂತುಹೋಗುತ್ತದೆ. ಇಲ್ಲಿನ ಮೂಲನಿವಾಸಿ ಹಲ್ಲಿಜಾತಿಗಳಲ್ಲಿ ಮೊಟ್ಟೆಯಿಡುವುದು ಇದೊಂದೇ, ಮಿಕ್ಕವು ಮರಿ ಹಾಕುತ್ತವೆ. ಕಾವು ಕೊಡುವವನು ಸೂರ್ಯ, ಆದ್ದರಿಂದ ಮರದ ನೆರಳು ಬಿದ್ದರೆ ಮೊಟ್ಟೆ ಕೆಟ್ಟಿತು.

ಅದೇ ಮರಳಿನಲ್ಲಿ ಮಣ್ಣುಕಣಜದ ಗದ್ದಲವೂ ಇರುತ್ತದೆ. ತನಗಿಂತ ದಪ್ಪದ ಕಂಬಳಿಹುಳುವನ್ನು ಕುಟುಕಿ ಮರಗಟ್ಟಿಸಿ, ಕಾಲುಗಳ ನಡುವೆ ಹಿಡಿದು ಎಳೆತರುತ್ತದೆ. ಬಿಲದೊಳಗೆ ತಳ್ಳಿ, ಮೊಟ್ಟೆಯಿಟ್ಟು, ಪುಟ್ಟ ಕಲ್ಲುಗಳನ್ನು ಆರಿಸಿ ಬಾಯಿ ಮುಚ್ಚುತ್ತದೆ. ಒಂದು ಕಲ್ಲು ಸರಿಹೊಂದದಿದ್ದರೆ ಎಸೆದು ಇನ್ನೊಂದು ತರುತ್ತದೆ. ಊಟದ ಬುತ್ತಿ ತೆರೆದಿಟ್ಟುಕೊಂಡು ಇದನ್ನು ನೋಡುತ್ತ ಕೂತರೆ ಚಹಾ ಆರಿಹೋಗುತ್ತದೆ.

ವಸಂತದಲ್ಲಿ ಸರೀಸೃಪಗಳ ಎಣಿಕೆ. ಅವು ಬೆಚ್ಚಗೆ ಅಡಿಯಲ್ಲಿ ಸೇರಲೆಂದು ಹೆದರ್ ನಡುವೆ ಅಲ್ಲಲ್ಲಿ ಹಾಸಿಟ್ಟ ತಗಡುಗಳನ್ನು ಎತ್ತಿ ನೋಡುವುದು. ಸ್ಯಾಂಡ್ ಲಿಝರ್ಡ್ ಮತ್ತು ಸ್ಮೂತ್ ಸ್ನೇಕ್ ಎಂಬ ಹಾವಿಗೆ ಕಾನೂನಿನ ರಕ್ಷಣೆಯಿದೆ, ಅವುಗಳನ್ನು ಕೆಣಕಲು ಪರವಾನಗಿ ಬೇಕು. ಹಾಗಾಗಿ ಪರವಾನಗಿ ಉಳ್ಳವರ ಜೊತೆಗೇ ಹೋಗುತ್ತೇನೆ. ಉರಿಬಿಸಿಲಿನ ದಿನ ಹೋದರೆ ವ್ಯರ್ಥ, ತಗಡಿನಡಿ ಯಾರೂ ಇರುವುದಿಲ್ಲ. ಮೋಡ-ಬಿಸಿಲು ಬೆರೆತ ತಂಪು ಬೆಳಗು ಚೆನ್ನ. ತಗಡನ್ನು ನನ್ನಿಂದ ಆಚೆಯ ಅಂಚು ಹಿಡಿದು, ನನ್ನ ಕಡೆಗೇ ಎತ್ತುತ್ತೇನೆ. ಆಗ ಒಳಗಿದ್ದದ್ದಕ್ಕೂ ನನಗೂ ನಡುವೆ ತಗಡು ಇರುತ್ತದೆ. ಆ್ಯಡರ್ ವಿಷದ ಹಾವು, ಬೆನ್ನ ಮೇಲೆ ಅಂಕುಡೊಂಕಿನ ಪಟ್ಟೆ, ಕೆಂಗಣ್ಣಿನಲ್ಲಿ ಸೀಳು ಪಾಪೆ. ಸ್ಮೂತ್ ಸ್ನೇಕ್‌ನದು ದುಂಡು ಪಾಪೆ, ವಿಷವಿಲ್ಲ, ಹಲ್ಲಿಗಳನ್ನು ಸುತ್ತಿ ಹಿಡಿದು ನುಂಗುತ್ತದೆ. ಸ್ಲೋ ವರ್ಮ್ ಹಾವಿನಂತೆ ಕಂಡರೂ ಕಾಲಿಲ್ಲದ ಹಲ್ಲಿ. ರೆಪ್ಪೆ ಮಿಟುಕಿಸಿದರೆ ಅದೇ.

ಎಲ್ಲವನ್ನೂ ಕಡಿದು ಬೋಳು ಮಾಡುತ್ತೇವೆ ಅಂತಲ್ಲ. ಗಾರ್ಸ್ ಅನ್ನು ಸರದಿಯಂತೆ ತುಂಡುತುಂಡಾಗಿ ಸವರುತ್ತೇವೆ, ಸದಾ ಒಂದಷ್ಟು ಒತ್ತಾಗಿಯೇ ಉಳಿಯಬೇಕು. ಡಾರ್ಟ್‌ಫರ್ಡ್ ವಾರ್ಬ್ಲರ್ ಹಕ್ಕಿ ಚಳಿಗಾಲದಲ್ಲೂ ವಲಸೆ ಹೋಗದೆ ಅದರೊಳಗಿನ ಜೇಡ-ಹುಳು ತಿಂದು ಬದುಕುತ್ತದೆ. 1962-63ರ ಕಡುಚಳಿಯಲ್ಲಿ ದೇಶದಲ್ಲೆಲ್ಲ ಸುಮಾರು ಹತ್ತು ಜೋಡಿ ಮಾತ್ರ ಉಳಿದಿದ್ದವು.

ಫೆಬ್ರವರಿ ಮುಗಿಯುತ್ತಲೇ ಗರಗಸ ಕೆಳಗಿಡುತ್ತೇವೆ, ಹಕ್ಕಿಗಳು ಗೂಡು ಕಟ್ಟುವ ಕಾಲ. ಮೇ ತಿಂಗಳಲ್ಲಿ ನೈಟ್‌ಜಾರ್ ಹಕ್ಕಿ ಆಫ್ರಿಕಾದಿಂದ ಬಂದು ಬರಿ ನೆಲದಲ್ಲೇ ಮೊಟ್ಟೆಯಿಡುತ್ತದೆ, ಆಗ ನಾಯಿಗಳನ್ನು ಹಗ್ಗ ಬಿಚ್ಚಿ ಬಿಡಬಾರದು. ನಾವು ತೆರೆದ ಮರಳೂ ಹಾಗೇ ಉಳಿಯದು. ಕೆಲವೇ ವರ್ಷಗಳಲ್ಲಿ ಪಾಚಿ ಕಟ್ಟಿ, ಹೆದರ್ ಸಸಿ ಎದ್ದು ಮುಚ್ಚಿಬಿಡುತ್ತದೆ. ಆದ್ದರಿಂದ ಎಣಿಕೆಗೆ ಹೋದಾಗಲೇ ಮುಂದಿನ ಚಳಿಗಾಲಕ್ಕೆ ಎಲ್ಲಿ ಅಗೆಯಬೇಕು ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡು ಬರುತ್ತೇನೆ.